ಬಾಟಲಿಯಲ್ಲಿದ್ದದ್ದು ಬರೀ ನೀರು

ಪ್ರೌಢಶಾಲೆಯ ವಿಜ್ಞಾನ ಪಠ್ಯಕ್ರಮ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಿಮ್ಮ ಪರೀಕ್ಷೆಯಲ್ಲಿ ಸುಳ್ಳು ಬರೆದ ನಲವತ್ತು ಮಕ್ಕಳು ಪಾಸಾದರು, ನಿಜ ಬರೆದ ಒಬ್ಬಳು ಫೇಲಾದಳು. ಆ ಸುಳ್ಳಿಗೆ ಸಾಮಾನು ಒದಗಿಸಿದವನು ನಾನೇ. ಹೊಸ ಪಠ್ಯಕ್ರಮಕ್ಕೆ ಸಾರ್ವಜನಿಕರ ಸಲಹೆ ಬೇಕೆಂದು ಪ್ರಕಟಣೆ ಕೊಟ್ಟಿದ್ದೀರಿ. ಸಲಹೆ ಕೊಡುವಷ್ಟು ದೊಡ್ಡವನು ನಾನಲ್ಲ. ನನ್ನ ಹತ್ತಿರ ಇರುವುದು ತಪ್ಪೊಪ್ಪಿಗೆ. ಅದನ್ನೇ ಸಲಹೆ ಅಂತ ಓದಿಕೊಳ್ಳಿ.

ನಾನು ಮೂವತ್ತೊಂದು ವರ್ಷ ಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದವನು. ಗಾಜಿನ ಕೊಳವೆ ತೊಳೆದೆ, ಸ್ಪಿರಿಟ್ ದೀಪಕ್ಕೆ ಬತ್ತಿ ಹಾಕಿದೆ, ಹೊಸದಾಗಿ ಬಂದ ಮೇಷ್ಟ್ರುಗಳ ಕುರ್ಚಿ ಹಿಂದೆ ಅಸ್ಥಿಪಂಜರ ನಿಲ್ಲಿಸಿ ಸ್ವಾಗತ ಕೋರಿದೆ. ನಿವೃತ್ತನಾಗಿ ಆರು ವರ್ಷವಾಯಿತು. ನನ್ನ ಜಾಗಕ್ಕೆ ನೀವು ಯಾರನ್ನೂ ಕಳಿಸದ್ದರಿಂದ ಪ್ರಾಯೋಗಿಕ ಪರೀಕ್ಷೆ ಬಂದರೆ ನನಗೇ ಕರೆ ಬರುತ್ತದೆ. ಅಲ್ಲೀಗ ಪ್ರಯೋಗವೆಲ್ಲ ಲಯವಾಗಿದೆ. ಬಾಗಿಲ ಮೇಲಿನ ಬೋರ್ಡನ್ನು ಬದಲಿಸುವ ಖರ್ಚಿಲ್ಲ, ಪ್ರಯೋಗಾ-ಲಯ ಅಂತಲೇ ಇದೆ.

ಈ ಸಲದ ಪ್ರಶ್ನೆ: ಹೈಡ್ರೋಕ್ಲೋರಿಕ್ ಆಮ್ಲದ ಗುಣಗಳನ್ನು ಪರೀಕ್ಷಿಸಿ. ನೀಲಿ ಲಿಟ್ಮಸ್ ಕಾಗದ ಅದ್ದಿದರೆ ಕೆಂಪಾಗಬೇಕು. ಸತುವಿನ ಚೂರು ಹಾಕಿದರೆ ಗುಳ್ಳೆ ಏಳಬೇಕು, ಕೊಳವೆಯ ಬಾಯಿಗೆ ಉರಿಯುವ ಕಡ್ಡಿ ಹಿಡಿದರೆ 'ಪಟ್' ಎನ್ನಬೇಕು. ತೊಂದರೆ ಒಂದೇ, ಆಮ್ಲ ಇರಲಿಲ್ಲ. ಎರಡು ವರ್ಷದಿಂದ ಇಲ್ಲ. ಬೇಕೆಂದು ಬರೆದ ಮೂರು ಪತ್ರಗಳಿಗೂ 'ಪರಿಶೀಲನೆಯಲ್ಲಿದೆ' ಎಂದು ಉತ್ತರ ಬಂದಿದೆ. ಶಾಲೆಯಲ್ಲಿ ನಿಂತುಹೋದ ಪರಿಶೀಲನೆ ನಿಮ್ಮ ಕಚೇರಿಯಲ್ಲಾದರೂ ನಡೆಯುತ್ತಿದೆಯಲ್ಲ, ಸಂತೋಷ.

ಪರೀಕ್ಷೆಯ ದಿನ ಬೆಳಿಗ್ಗೆ ಹೆಡ್‌ಮೇಷ್ಟ್ರು ಬಂದರು. "ಯಜಮಾನ್ರೇ, ಬಾಟ್ಲಿ ಖಾಲಿ ಕಾಣಬಾರ್ದು. ಏನಾದ್ರೂ ಮಾಡಿ."

"ಏನಾದ್ರೂ ಅಂದ್ರೆ ಏನು ಸಾರ್?"

"ಅದನ್ನ ನಂಗೆ ಹೇಳ್ಬೇಡಿ."

ನಲ್ಲಿ ತಿರುಗಿಸಿ ತುಂಬಿದೆ. ಬಾಟಲಿಯ ಮೇಲೆ ಆಮ್ಲದ ಹಳೇ ಚೀಟಿ ಇದ್ದೇ ಇತ್ತು. ನಿಜ ಹೇಳುತ್ತೇನೆ, ಒಳಗೊಳಗೇ ಖುಷಿಯಾಗಿತ್ತು. ಮಕ್ಕಳು "ಇದು ನೀರು!" ಅಂತ ಕೂಗುತ್ತಾರೆ, ಗಲಾಟೆಯಾಗುತ್ತದೆ, ಬೇರೆ ಶಾಲೆಯಿಂದ ಬಂದ ಪರೀಕ್ಷಕರು ವರದಿ ಬರೆಯುತ್ತಾರೆ, ಕೊನೆಗೂ ಆಮ್ಲ ಬರುತ್ತದೆ. ಜೀವಮಾನದ ಕೀಟಲೆಗಳಲ್ಲಿ ಉಪಯೋಗಕ್ಕೆ ಬರುವುದು ಇದೊಂದೇ ಅಂತ ಬೀಗಿದೆ.

ಯಾರೂ ಕೂಗಲಿಲ್ಲ. ನಲವತ್ತು ಮಕ್ಕಳು ಕಾಗದವನ್ನು ನೀರಿಗೆ ಅದ್ದಿ, ತಿರುಗಿಯೂ ನೋಡದೆ 'ಕೆಂಪಾಯಿತು' ಅಂತ ಬರೆದರು. ನಲವತ್ತು ಮಕ್ಕಳಿಗೂ 'ಪಟ್' ಕೇಳಿಸಿತು. ಅವತ್ತು ಆ ಕೋಣೆಯಲ್ಲಿ ಪಟ್ ಎಂದದ್ದು ಹೊರಡುವಾಗ ಪರೀಕ್ಷಕರು ಬಿಚ್ಚಿದ ಕೊಡೆ ಮಾತ್ರ. ಮಕ್ಕಳನ್ನು ಹೇಗೆ ಬೈಯಲಿ? ಫಲಿತಾಂಶ ಮೊದಲೇ ಅಚ್ಚಾಗಿರುವ ಪುಸ್ತಕವನ್ನು ವರ್ಷವಿಡೀ ನಕಲು ಮಾಡಿಸಿದವರು ನಾವು. ಹಾಗೆ ಬೆಳೆದವರಿಗೆ ವಿಜ್ಞಾನಕ್ಕೆ ಕಣ್ಣೂ ಬೇಕು ಅಂತ ಯಾವ ಪಾಠದಿಂದ ಗೊತ್ತಾಗಬೇಕು?

ನಲವತ್ತೊಂದನೆಯವಳು ನಮ್ಮ ಪಕ್ಕದ ಮನೆಯ ದರ್ಜಿಯ ಮಗಳು. ಅಪ್ಪನ ಹೊಲಿಗೆ ಯಂತ್ರವನ್ನು ಬಿಚ್ಚಿ, ಒಂದು ತಿರುಪೂ ಮಿಗದಂತೆ ಮತ್ತೆ ಜೋಡಿಸಿದವಳು. ಮಾತೆತ್ತಿದರೆ 'ಯಾಕೆ' ಅನ್ನುವುದರಿಂದ ನಾನಿಟ್ಟ ಹೆಸರು ಯಾಕಮ್ಮ. ಅವಳು ಬರೆದದ್ದು ಇಷ್ಟು: 'ಕಾಗದ ನೀಲಿಯಾಗಿಯೇ ಇದೆ. ಗುಳ್ಳೆ ಬರಲಿಲ್ಲ. ಶಬ್ದ ಕೇಳಿಸಲಿಲ್ಲ. ಬಾಟಲಿಯಲ್ಲಿರುವುದು ಆಮ್ಲ ಅಲ್ಲ ಅನಿಸುತ್ತದೆ.' ಉತ್ತರ ಸೂಚಿಯಲ್ಲಿ ಇದಿಲ್ಲ. ಪರೀಕ್ಷಕರು ಉದ್ದಕ್ಕೆ ಗೆರೆ ಎಳೆದು ಸೊನ್ನೆ ಹಾಕಿದರು. ಆ ಹಾಳೆಯಲ್ಲಿ ಕೆಂಪಾದದ್ದು ಆ ಗೆರೆ ಒಂದೇ.

ಪ್ರಾಯೋಗಿಕದಲ್ಲಿ ಫೇಲಾದವರಿಗೆ ಮುಂದಿನ ವರ್ಷ ವಿಜ್ಞಾನದ ತರಗತಿಯಲ್ಲಿ ಜಾಗವಿಲ್ಲ. ನಾನು ನಿಮ್ಮ ಕಚೇರಿಗೆ ಓಡಿದೆ. ತಪ್ಪು ನನ್ನದು, ಬರೆದುಕೊಡುತ್ತೇನೆ ಅಂದೆ.

"ತಪ್ಪೊಪ್ಪಿಗೆಗೆ ಫಾರಂ ಇಲ್ಲ ತಾತ," ಅಂದರು ಗುಮಾಸ್ತರು. "ಮರುಎಣಿಕೆಗಿದೆ, ಕೊಡ್ಲಾ?"

"ಸೊನ್ನೇನ ಎಷ್ಟು ಸಲ ಎಣಿಸ್ತೀಯಪ್ಪ?"

ಅವರು ನಕ್ಕು, ಆಮೇಲೆ ದನಿ ತಗ್ಗಿಸಿದರು. "ನೀರು ಅಂತ ನೀವು ಬರ್ಕೊಟ್ರೆ ಎಲ್ಲರ ಪರೀಕ್ಷೇನೂ ರದ್ದಾಗುತ್ತೆ. ನಲವತ್ತು ಮನೆಯವ್ರು ನಿಮ್ಮ ಬಾಗಿಲಿಗೆ ಬರ್ತಾರೆ. ಯೋಚನೆ ಮಾಡಿ."

ಯೋಚನೆ ಮಾಡಿದೆ. ಒಬ್ಬಳನ್ನು ಉಳಿಸಲು ನಲವತ್ತು ಮಕ್ಕಳನ್ನು ಮುಳುಗಿಸಬೇಕು, ಅದೂ ನಾನೇ ತುಂಬಿದ ನೀರಿನಲ್ಲಿ. ವಾಪಸು ಬಂದು ದರ್ಜಿಗೆ ಹೇಳಿದೆ. ಅವನು ಯಂತ್ರ ತುಳಿಯುವುದನ್ನು ನಿಲ್ಲಿಸಲಿಲ್ಲ. "ನೀವು ಓಡಾಡ್ಬೇಡಿ ಮಾವ. ಅವಳೂ ಎಲ್ಲರ ಥರಾನೇ ಬರೀಬಹುದಿತ್ತು."

ಮೊನ್ನೆ ಮನೆಯಲ್ಲೇ ನಿಂಬೆಹಣ್ಣು ಹಿಂಡಿಟ್ಟು, ನನ್ನ ಹಳೇ ಡಬ್ಬಿಯಿಂದ ನೀಲಿ ಕಾಗದ ತೆಗೆದು, ಅವಳನ್ನು ಕರೆದೆ. "ಬಾರೇ ಯಾಕಮ್ಮ, ಇದು ನೀರಲ್ಲ, ಅದ್ದಿ ನೋಡು."

ಕಾಗದ ಹಿಡಿದ ಕೈ ಬಟ್ಟಲ ಮೇಲೆ ನಿಂತಿತು. "ತಾತ, ಇದಕ್ಕೆ ಪುಸ್ತಕದಲ್ಲಿ ಏನಂತಿದೆ?"

ಅದ್ದಲಿಲ್ಲ. ಕಾಗದವನ್ನು ಮೇಜಿನ ಮೇಲಿಟ್ಟು ಹೋದಳು. 'ಯಾಕೆ' ಅಂತ ನಾನೂ ಕೇಳಲಿಲ್ಲ.

ಆದ್ದರಿಂದ ಅಧ್ಯಕ್ಷರೇ, ಫಾರಂ ಇಲ್ಲದ ಈ ತಪ್ಪೊಪ್ಪಿಗೆಯನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಆ ನಲವತ್ತು ಮಕ್ಕಳ ಅಂಕ ಮುಟ್ಟಬೇಡಿ, ಅವರು ನಾವು ಕಲಿಸಿದ್ದನ್ನೇ ಬರೆದರು. ದಂಡ ಹಾಕುವುದಿದ್ದರೆ ನನಗೆ ಹಾಕಿ. ತರಗತಿಗೆ ಸೇರಿಸಿಕೊಳ್ಳಲು ಇನ್ನು ಹದಿನೈದು ದಿನವಿದೆ. ಅಷ್ಟರೊಳಗೆ ಆ ಹುಡುಗಿಯ ಹಾಳೆಯನ್ನು ನೀವೇ ಓದಿ, ಸರಿಯೋ ತಪ್ಪೋ ಹೇಳಿ. ಹೊಸ ಪಠ್ಯಕ್ರಮದಲ್ಲಿ ಏನು ಬೇಕಾದರೂ ಸೇರಿಸಿ, ಪ್ರಯೋಗದ ಪುಸ್ತಕದಲ್ಲಿ 'ನೀನು ಕಂಡದ್ದು' ಎನ್ನುವ ಜಾಗವನ್ನು ಮಾತ್ರ ಖಾಲಿ ಬಿಡಿ. ಖಾಲಿ ಬಿಡುವುದರಲ್ಲಿ ನಿಮ್ಮ ಇಲಾಖೆಗೆ ಅಭ್ಯಾಸವಿದೆ.

ನಿಂಬೆರಸ ಬಟ್ಟಲಲ್ಲಿ ಹಾಗೇ ಇದೆ. ಕಾಗದ ಇನ್ನೂ ನೀಲಿಯಾಗಿಯೇ ಇದೆ.

ಇಂತಿ,
ನಲ್ಲಿ ತಿರುಗಿಸಿದ ಕೈಯವನು,
ಕೀಟಲೆಯಿಂದಲೂ ಈಗ ನಿವೃತ್ತ