ಒಂಟಿ ಬಿಟ್ಟ ಚುಕ್ಕಿಗಳು

ಫೆಬ್ರವರಿ ೨೧, ಶನಿವಾರ

ಇವತ್ತು ನಾಲ್ಕು ಚುಕ್ಕಿಗಾಗಿ ರಕ್ತ ಬರುವಂತೆ ಹೊಡೆದೆ. ಟ್ಯೂಷನ್‌ನಲ್ಲಿ ಸಿಂಚನಾ ನೀರಿನ ಅಣು ಬರೆದಿದ್ದಳು. ಹೈಡ್ರೋಜನ್ ಜೊತೆ ಹಂಚಿಕೊಂಡ ಮೇಲೆ ಆಕ್ಸಿಜನ್ನಿಗೆ ಉಳಿಯುವ, ಹಾಗೇ ಬಿಡಬೇಕಾದ ನಾಲ್ಕು ಎಲೆಕ್ಟ್ರಾನ್ ಚುಕ್ಕಿಗಳನ್ನೂ ಗೆರೆ ಎಳೆದು ಸುತ್ತಿಬಿಟ್ಟಿದ್ದಳು.

“ರಂಗೋಲೀಲಿ ಒಂದು ಚುಕ್ಕಿನೂ ಒಂಟಿ ಬಿಡಬಾರ್ದು ಸಾ, ಅಜ್ಜಿ ಬೈತಾರೆ.”

ಕ್ಲಾಸೆಲ್ಲ ನಕ್ಕಿತು. ನನ್ನ ಪಾಠಕ್ಕೇ ನಕ್ಕರೆನಿಸಿ ಸ್ಟೀಲ್ ಸ್ಕೇಲಿನ ಅಂಚಿನಿಂದ ಬಾರಿಸಿದೆ. ಅವಳ ಬೆರಳ ಗೆಣ್ಣು ಸೀಳಿತು.

ಸಂಜೆ ಸಂತೆಯಿಂದ ನೇರ ಬಂದ ಅವಳ ತಾಯಿ ದಾಕ್ಷಾಯಿಣಿ, ಅದೇ ಸ್ಕೇಲು ಎತ್ತಿ ನನ್ನ ಕೈಗೆ ಬಿಗಿದರು. “ಹೆಂಗೈತೆ ಸಾ? ನಮ್ಮುಡುಗಿಗೂ ಹಂಗೇ ಐತೆ.”

ಲೆಕ್ಕ ಚುಕ್ತಾ ಎಂದುಕೊಳ್ಳಲೂ ಆಗುತ್ತಿಲ್ಲ. ನನಗೆ ಬಿದ್ದದ್ದು ಎಡಗೈಗೆ. ಸಿಂಚನಾಳದು ಬರೆಯುವ ಬಲಗೈ, ಸೋಮವಾರ ಪರೀಕ್ಷೆ.