ಹಲಗೆ ತೊಳೆಯುವ ಸೋಮವಾರ

ಫೆಬ್ರವರಿ ಮೂವತ್ತು, ೨೧೭೧

ನಮಗಿಂತ ಎಷ್ಟೋ ತಲೆಮಾರು ಹಿಂದೆ ಹಳ್ಳದ ದಂಡೆಯಲ್ಲಿ ನೂಲಿಗೆ ಬಣ್ಣ ಹಾಕುವ ಹಿರಿಯರಿಗೆ,

ತಾರೀಖು ಕಂಡು ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ. ಉಳಿದ ಐದು ದಿನಕ್ಕೆ ಹೆಸರಿಲ್ಲ, ಆಗ ಊರೆಲ್ಲ ಸೇರಿ ಕಾಲುವೆಯ ಹೂಳು ತೆಗೆಯುತ್ತದೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಿಯಾವು, ಮನ್ನಿಸಿ.

ನಾವು ಹೀರುಹಲಗೆ ಎನ್ನುವುದು, ನೀವು ಈಗಷ್ಟೇ ಹಳ್ಳಕ್ಕೆ ಇಳಿಸಲು ಹೊರಟಿರುವ ಆ ಕಪ್ಪು ಲೇಪದ ಹೆಂಚಿನ ಹಲಗೆಯನ್ನೇ. ಶೇಂಗಾ ಸಿಪ್ಪೆಯ ಇದ್ದಲನ್ನು ಜೇಡಿಮಣ್ಣಿನಲ್ಲಿ ಕಲಸಿ ಬಳಿದ ಆ ಲೇಪ, ಹರಿಯುವ ನೀರಿನ ಬಣ್ಣವನ್ನು ತನ್ನ ಮೈಗೆ ಹಿಡಿದುಕೊಳ್ಳುತ್ತದೆ. ಹೊಟ್ಟೆ ತುಂಬಿದ ಮೇಲೆ ಹಿಡಿಯಲಾರದು. ಆಗ ಅದನ್ನು ಸುಡುಗೂಡಿಗೆ ಒಯ್ಯಬೇಕು. ಗಾಳಿಯಾಡದಂತೆ ಮುಚ್ಚಿದ ಬೆಂಕಿಯಲ್ಲಿ ಬಣ್ಣ ಸುಟ್ಟುಹೋಗಿ ಲೇಪಕ್ಕೆ ಮತ್ತೆ ಹಸಿವಾಗುತ್ತದೆ.

ನಾವು ಒಯ್ಯುವುದಿಲ್ಲ. ತೊಳೆಯುತ್ತೇವೆ. ಪ್ರತಿ ಸೋಮವಾರ ಮೇಲಿನ ಓಣಿಯ ಬಣ್ಣಗಾರರು ತಮ್ಮ ತಮ್ಮ ಹಲಗೆ ಎತ್ತಿ, ಹಬ್ಬದ ಹಿತ್ತಾಳೆ ಪಾತ್ರೆಯ ಹಾಗೆ ಹುಣಸೆಹುಳಿ ಹಚ್ಚಿ, ಅದೇ ಹಳ್ಳದಲ್ಲಿ ತಿಕ್ಕುತ್ತಾರೆ. ವಾರವೆಲ್ಲ ಹಿಡಿದಿಟ್ಟ ಬಣ್ಣ ಒಂದೇ ಹೊತ್ತಿಗೆ ಕೆಳಗಿನ ಓಣಿಯ ಬಾವಿಗೆ ಇಳಿಯುತ್ತದೆ. ಸಾಲದ್ದಕ್ಕೆ, ತೊಳೆದ ಹಲಗೆಗೆ ಅರಿಶಿನ ಕುಂಕುಮ! ಎಷ್ಟು ಓದಿದ ಊರು ಸ್ವಾಮೀ ಇದು. ಹುಳಿ ತಾಗಿದರೆ ಲೇಪ ಹಿಡಿದದ್ದನ್ನು ಬಿಟ್ಟುಕೊಡುತ್ತದೆಂದು ಶಾಲೆಯ ಗೋಡೆಯ ಮೇಲೇ ಬರೆದಿದೆ.

ಇವತ್ತು ಸೋಮವಾರ. ನನ್ನ ತಂಗಿಯ ಮಗಳು ನಿಂಬೆವ್ವ ತುಂಬಿದ ಬಸುರಿ. ಹೋದ ವರ್ಷದ ಕೂಸು ಅವಳಿಗೆ ದಕ್ಕಲಿಲ್ಲ. ಬೆಳಿಗ್ಗೆ ಕೆಂಪಾದ ಬಾವಿನೀರಿನ ಕೊಡ ಹೊತ್ತು ಬಂದು, ಬಣ್ಣಗಾರ ಈರಸಂಗಪ್ಪನ ಹೊಸ್ತಿಲ ಮೇಲೆ ಇಟ್ಟಳು.

“ಕಾಕಾ, ಹಲಗಿ ಸುಡಾಕ ಒಯ್ಯೂದು ಬಿಟ್ಟು ತೊಳ್ಯಾಕ ಹತ್ತೀಯಲ್ಲ?”

“ಹೊಲಸ ಹಲಗಿ ಹಳ್ಳದ ಗಂಗವ್ವಗ ಕೊಡೂದೇನವಾ? ತೊಳದ ಇಡಬೇಕು. ಹಿರ್ಯಾರು ಹಾಕಿದ ಪದ್ಧತಿ.”

“ಹಂಗಾರ ನಿಮ್ಮ ಗಂಗವ್ವ ಬಾಗಲಿಗೇ ಬಂದಾಳ. ಒಂದು ಗುಟುಕು ಕುಡಿ, ನೋಡೂಣು.”

“ನಂದು ಆಗಲೇ ಚಾ ಆಗೇತಿ,” ಎಂದ ಆತ. ಎದುರಿನ ಹಳ್ಳದ ದಂಡೆಯಲ್ಲಿ ಹಲಗೆ ತಿಕ್ಕುತ್ತಿದ್ದವರು ನಕ್ಕರು. ನಿಂಬೆವ್ವ ಕೊಡ ಅಲ್ಲೇ ಬಿಟ್ಟು ಹೋದಳು.

ಈಗ ಮಧ್ಯಾಹ್ನ. ಕೊಡ ಇನ್ನೂ ಹೊಸ್ತಿಲ ಮೇಲಿದೆ. ಮನೆಯವರು ಅದನ್ನು ದಾಟಿ ಓಡಾಡುತ್ತಿದ್ದಾರೆ. ಒಳಗೆ ತರಲಾರರು; ಹಿತ್ತಲಿಗೆ ಚೆಲ್ಲೋಣವೆಂದರೆ ಅಲ್ಲಿ ಅವರದೇ ಬಾವಿಯಿದೆ.

ಆತ ಹೇಳಿದ ಹಿರಿಯರು ನೀವೇ. ನೀವಿನ್ನೂ ಆ ಪದ್ಧತಿ ಹಾಕಿಲ್ಲ, ನನ್ನ ಆಸೆಯೆಲ್ಲ ಅದರ ಮೇಲೆ. ಮೊದಲ ಹಲಗೆ ತುಂಬಿದ ದಿನ ನಿಮ್ಮ ಕೈ ತಾನಾಗಿ ಹಳ್ಳದ ಕಡೆಗೆ ಹೋಗುತ್ತದೆ. ಹೋಗಗೊಡಬೇಡಿ. ನೀವು ತೊಳೆದರೆ ಪಕ್ಕದ ಮನೆಯವರು ತೊಳೆಯುತ್ತಾರೆ, ನಿಮ್ಮ ಮೊಮ್ಮಕ್ಕಳು ಅದಕ್ಕೆ ಕುಂಕುಮ ಹಚ್ಚುತ್ತಾರೆ. ಹಲಗೆಯನ್ನು ಬೆಂಕಿಗೆ ಒಯ್ಯಿರಿ.

ನಿಂಬೆವ್ವನಿಗೆ ಮುಂದಿನ ತಿಂಗಳು ಹೆರಿಗೆ.

ನಿಮ್ಮ ನೀರಿನ ಕೆಳಗಿನ ಓಣಿಯಲ್ಲಿ ಬದುಕುವ,
ಗುರುಪಾದಪ್ಪ