ಇಲ್ಲದ ಗೆಡ್ಡೆಗೆ ಹರಕೆ

ಮಂಡ್ಯ
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಅವ್ವನಿಗೆ,

ನಿನ್ನ ಮಗಳು ರಂಜಿತ ಕಾಲು ಮುಟ್ಟಿ ಮಾಡುವ ನಮಸ್ಕಾರಗಳು. ಬರೀ ಕಾಗದದ ಮೇಲಿನ ನಮಸ್ಕಾರ ಅಂದುಕೊಳ್ಳಬೇಡ, ಈಗ ನನಗೆ ನಿಜವಾಗಿಯೂ ಬಗ್ಗುವುದಕ್ಕೆ ಬರುತ್ತದೆ. ಇಲ್ಲಿ ನಾನು, ನಿನ್ನ ಅಳಿಯ ಇಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಕೆಮ್ಮು ಹೇಗಿದೆ, ನಿನ್ನ ಮಂಡಿ ಹೇಗಿದೆ ಅಂತ ಕೇಳಿ ಪ್ರಯೋಜನವಿಲ್ಲ, ಕೇಳಿದರೆ ನೀನು ಮಳೆ ಬೆಳೆಯ ಮಾತು ತೆಗೆಯುತ್ತೀಯ. ಕ್ಷೇಮಸಮಾಚಾರ ಇಲ್ಲಿಗೆ ಮುಗಿಯಿತು. ಇನ್ನು ಮುಂದಿರುವುದೆಲ್ಲ ಜಗಳ.

ಮನೆಯಲ್ಲಿ ಫೋನಿರುವಾಗ ಇವಳೇಕೆ ಕಾಗದ ಬರೆದಳು ಅನ್ನಬೇಡ. ಫೋನ್ ಮಾಡಿದರೆ ನೀನು ಕಿವಿ ಕೇಳುವುದಿಲ್ಲ ಅಂತ ಸ್ಪೀಕರಿಗೆ ಹಾಕುತ್ತೀಯ. ಪಕ್ಕದಲ್ಲೇ ಚಿಕ್ಕಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿರುತ್ತಾಳೆ. ನಾನು ಒಂದು ಅಂದರೆ ಊರಿಗೆ ಹತ್ತಾಗಿ ತಲುಪುತ್ತದೆ. ನೀನು ಏಳನೇ ಕ್ಲಾಸು ಓದಿದವಳು. ಇದನ್ನು ಅಪ್ಪನ ಕೈಗೂ ಕೊಡದೆ, ಒಳಗಡೆ ಬಾಗಿಲು ಹಾಕಿಕೊಂಡು, ಅಕ್ಷರ ಕೂಡಿಸಿ ಕೂಡಿಸಿ ನೀನೇ ಓದು.

ಮೊನ್ನೆ ಮಂಗಳವಾರ ನನಗೆ ಹಲಗೂರು ರೂಟಿನ ಬಸ್ಸಿನಲ್ಲಿ ಡ್ಯೂಟಿ ಬಿದ್ದಿತ್ತು. ಆಪರೇಷನ್ ಆದಮೇಲೆ ಆ ಕಡೆಗೆ ಅದೇ ಮೊದಲು. ವಾಪಸು ಬರುವಾಗ ಹಲಗೂರಿನಲ್ಲಿ ನಮ್ಮೂರ ಮಲ್ಲಿಗಮ್ಮ ಹತ್ತಿದಳು, ಅದೇ, ಹಿಂದಿನ ಬೀದಿಯಲ್ಲಿ ಸೊಪ್ಪು ಮಾರುವವಳು. ಫ್ರೀ ಟಿಕೆಟ್ ಕೊಡೋಣವೆಂದು ಆಧಾರ್ ಕಾರ್ಡು ಕೇಳಿದೆ. ನನ್ನ ಮುಖ ನೋಡಿದವಳೇ ಕೈ ಹಿಡಿದುಕೊಂಡು, ಬಸ್ಸಿಗೆಲ್ಲ ಕೇಳುವ ಹಾಗೆ ಗೋಳೋ ಎಂದಳು. "ಅಯ್ಯೋ ನನ್ ಕೂಸೆ, ತೆಂಗಿನ್‌ಕಾಯಿ ಗಾತ್ರದ್ ಗೆಡ್ಡೆ ಇತ್ತಂತಲ್ಲವ್ವ ಒಟ್ಟೇಲಿ! ಎಂಗಿದ್ದೋಳು ಎಂಗಾಗೋದೆ! ಉಳ್ಕಂಡ್ ಬಂದ್ಯಲ್ಲ, ಅಷ್ಟೇ ಸಾಕು ಬುಡು. ನಿಮ್ಮವ್ವ ಮಾರಮ್ಮಂಗೆ ಅರಕೆ ಮಾಡ್ಕಂಡು ಮರಿ ಬುಟ್ಟವ್ಳೆ. ಇಪ್ಪತ್ಮೂರ್ನೇ ತಾರೀಕು ಊರ್ಗೆಲ್ಲ ಬಾಡೂಟ ಅಂತ ಏಳವ್ಳೆ" ಅಂದಳು.

ಗೆಡ್ಡೆ! ನನ್ನ ಹೊಟ್ಟೆಯಲ್ಲಿದ್ದ ಗೆಡ್ಡೆಯ ಸುದ್ದಿ ನನಗೇ ಬಸ್ಸಿನಲ್ಲಿ ಗೊತ್ತಾಗಬೇಕಾಯಿತು ನೋಡು.

ಆಮೇಲೇನಾಯಿತು ಕೇಳು. ಮೂರನೇ ಸೀಟಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು, ನೀವು ಕೂತ್ಕಳಿ ಮೇಡಂ ಅಂದಳು. ಯಾರೋ ಒಬ್ಬಾಕೆ ನನ್ನ ಟಿಕೆಟ್ ಬ್ಯಾಗಿಗೆ ಎರಡು ಕಿತ್ತಳೆ ಹಣ್ಣು ಹಾಕಿದಳು. ರಸ್ತೆಯಲ್ಲಿ ಹಂಪು ಬಂದರೆ ಹಾರಿಸಿಕೊಂಡು ಹೋಗುವ ನಮ್ಮ ಡ್ರೈವರ್ ಕೂಡ ಬ್ರೇಕ್ ಹಾಕಿ ನಿಧಾನವಾಗಿ ಇಳಿಸಿದ. ಹೋದ ವರ್ಷ ಇದೇ ರೂಟಿನಲ್ಲಿ, ತುಂಬಿದ ಬಸ್ಸಿನಲ್ಲಿ, ನಾನು ಅಡ್ಡಡ್ಡಲಾಗಿ ಸೀಟುಗಳ ನಡುವೆ ನುಸುಳುತ್ತಿರುವಾಗ ಒಬ್ಬ ಮುದುಕ, "ಕಂಡಕ್ಟ್ರಮ್ಮ, ನೀವೊಬ್ರು ಇಳ್ದ್ರೆ ಇನ್ನ್ ನಾಕ್ ಜನ ಅತ್‌ಬೌದು ಕಣಮ್ಮ" ಅಂದಿದ್ದ. ಬಸ್ಸೆಲ್ಲ ನಕ್ಕಿತ್ತು. ನಾನೂ ನಕ್ಕಿದ್ದೆ. ನಗದಿದ್ದರೆ ಮೈ ದಪ್ಪ, ಮೂಗಿನ ತುದಿಯಲ್ಲೇ ಕೋಪ ಅನ್ನುತ್ತಾರೆ. ಕಣ್ಣೆದುರು ಇದ್ದ ಮೈಗೆ ಒಂದು ಗೇಣು ಜಾಗ ಬಿಡದ ಜನ, ಇಲ್ಲದ ಗೆಡ್ಡೆಗೆ ಸೀಟೇ ಬಿಟ್ಟುಕೊಟ್ಟರು. ನಾನು ಏನು ಮಾಡಿದೆ ಗೊತ್ತಾ? ಕೂತೆ. ಗೆಡ್ಡೆಯೂ ಇಲ್ಲ ಗಿಡ್ಡೆಯೂ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಮಳವಳ್ಳಿ ಬರುವವರೆಗೂ ಸತ್ತು ಬದುಕಿದವಳ ಹಾಗೆ ಮುಖ ಮಾಡಿಕೊಂಡು ಕೂತಿದ್ದೆ. ನಿನ್ನ ಸುಳ್ಳು ನನ್ನ ಬಾಯಿಯನ್ನೂ ಕಟ್ಟಿಹಾಕಿತಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ.

ನನಗೆ ಗೆಡ್ಡೆ ಇರಲಿಲ್ಲ ಅವ್ವ. ನಿನಗೂ ಗೊತ್ತು. ನಾನು ಬೇಕೆಂದೇ, ಬುದ್ಧಿ ನೆಟ್ಟಗಿದ್ದುಕೊಂಡೇ, ಮೈಸೂರಿಗೆ ಹೋಗಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡೆ. ಹೊಟ್ಟೆಯ ಚೀಲದಲ್ಲಿ ಮುಕ್ಕಾಲು ಪಾಲು ತೆಗೆದು, ಒಂದು ಬಾಳೆಕಾಯಿಯಷ್ಟು ಉಳಿಸಿದರು. ಡಾಕ್ಟರು ಅದನ್ನೆಲ್ಲ ಚಿತ್ರ ಬರೆದು ತೋರಿಸುವಾಗ ನೀನು ನನ್ನ ಪಕ್ಕದಲ್ಲೇ ಕೂತಿದ್ದೆ. ಹೆದರಿಕೆಯಲ್ಲಿ ನನಗೆ ಅರ್ಧ ಕಿವಿಗೆ ಬೀಳಲಿಲ್ಲ, ನೀನು ಮಾತ್ರ ಕಣ್ಣು ಮಿಟುಕಿಸದೆ ಕೇಳಿದೆ. ಅಷ್ಟು ಕೇಳಿದವಳು ಊರಿಗೆ ಹೋಗಿ ಗೆಡ್ಡೆ ಹುಟ್ಟಿಸಿದ್ದೀಯ. ಗೌರಿ ಹಬ್ಬಕ್ಕೆ ಬಂದಾಗ ನನ್ನನ್ನು ಒಳಕೋಣೆಯಿಂದ ಆಚೆಗೇ ಬಿಡದೆ, ಬಂದವರಿಗೆಲ್ಲ "ಮನಗವ್ಳೆ, ಎಬ್ಬಿಸ್ಬ್ಯಾಡಿ" ಅಂದದ್ದು ಯಾಕೆ ಅಂತ ಈಗ ತಿಳಿಯಿತು. ಅವತ್ತು ಪ್ರೀತಿ ಅಂದುಕೊಂಡಿದ್ದೆ.

ಒಂದು ಕೇಳುತ್ತೇನೆ. ಪಕ್ಕದ ಮನೆ ಕರಿಯಯ್ಯ ದೊಡ್ಡಪ್ಪ ಬುದ್ಧಿ ಬಂದಾಗಿನಿಂದ ಬೀಡಿ ಸೇದಿದರು. ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದಾಗ ಊರಿಗೆ ಊರೇ ಹಣ್ಣು ಹಂಪಲು ಹಿಡಿದುಕೊಂಡು ಹೋಯಿತು. ಬೀಡಿ ಬಿಟ್ಟಿದ್ದರೆ ಸಾಕಿತ್ತು, ಸ್ಟೆಂಟ್ ಯಾಕೆ ಬೇಕಿತ್ತು ಅಂತ ಒಬ್ಬರಾದರೂ ಕೇಳಿದರಾ? ಚಿಕ್ಕಮ್ಮನ ಕಣ್ಣಿನ ಪೊರೆ ತೆಗೆಸಿದಾಗ ಅವಳು ಸೋಮಾರಿ ಅಂತ ಯಾರಾದರೂ ಅಂದರಾ? ನನಗೆ ಮಾತ್ರ ಎಲ್ಲರದ್ದೂ ಒಂದೇ ಮಂತ್ರ, ಬಾಯಿ ಕಟ್ಟಿದ್ದರೆ ಆಗುತ್ತಿತ್ತು. ನಾನು ಬಾಯಿ ಕಟ್ಟಿದ್ದನ್ನು ಇವರು ಯಾವತ್ತು ನೋಡಿದ್ದಾರೆ? ಬೆಳಿಗ್ಗೆ ಸ್ಟೇಡಿಯಂ ಸುತ್ತಿದೆ. ಮುದ್ದೆ ಬಿಟ್ಟೆ, ಅನ್ನ ಬಿಟ್ಟೆ. ಅದ್ಯಾವುದೋ ಡಬ್ಬಿಯ ಪುಡಿ ಕಲಸಿ ಕುಡಿದೆ, ಕಷಾಯ ಕುಡಿದೆ. ಇಳಿದದ್ದು ಬಡ್ಡಿ ಸಮೇತ ವಾಪಸು ಬಂತು. ನಿದ್ದೆಯಲ್ಲಿ ಉಸಿರು ಕಟ್ಟಿ ನಿಂತುಹೋಗಿ, ನಿನ್ನ ಅಳಿಯ ಭುಜ ಹಿಡಿದು ಅಲ್ಲಾಡಿಸಿ ಎಬ್ಬಿಸುತ್ತಿದ್ದರು. ಮೂವತ್ತನಾಲ್ಕಕ್ಕೇ ಬಿ.ಪಿ., ಸಕ್ಕರೆ. ಇನ್ನು ಹತ್ತು ವರ್ಷ ಹೀಗೇ ಹೋದರೆ ಏನಾಗುತ್ತದೆ ಅಂತ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ನಾನು ಚಂದ ಕಾಣಲು ಹೋಗಲಿಲ್ಲ. ಹೋಗಿದ್ದರೂ ತಪ್ಪೇನು? ಅದು ಬೇರೆ ಜಗಳ, ಇನ್ನೊಂದು ದಿನ ಮಾಡೋಣ.

ಸುಲಭದ ದಾರಿ ಅನ್ನುತ್ತಾರೆ. ಅಂದವರು ಬಂದು ನನ್ನ ಎದುರು ಕೂತು ಒಂದೇ ಒಂದು ಹೊತ್ತು ಉಣ್ಣಲಿ. ಮೊದಮೊದಲು ನೀರನ್ನೂ ಚಮಚದಲ್ಲಿ ಕುಡಿಯಬೇಕಿತ್ತು, ಅದು ನಿನಗೆ ಗೊತ್ತು, ಕುಡಿಸಿದವಳು ನೀನೇ. ಈಗಲೂ ಅರ್ಧ ಇಡ್ಲಿಗಿಂತ ಒಂದು ತುತ್ತು ಹೆಚ್ಚಾದರೆ ಎದೆಯಲ್ಲಿ ಕಲ್ಲು ನಿಂತ ಹಾಗಾಗುತ್ತದೆ. ತಲೆ ಬಾಚಿದರೆ ಕೂದಲು ಹಿಡಿ ಹಿಡಿ ಬರುತ್ತದೆ. ಮಾತ್ರೆ ಜೀವ ಇರುವವರೆಗೂ. ನಿನ್ನ ಅಳಿಯನನ್ನೂ ಬಿಡುವುದಿಲ್ಲ ನಾನು. ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ನೋಡಿಕೊಂಡರು, ಇಲ್ಲ ಅನ್ನುವುದಿಲ್ಲ. ಆದರೆ ಮದ್ದೂರಿನ ಅವರ ಆಫೀಸಿನಲ್ಲಿ ಯಾರೋ ಕೇಳಿದ್ದಕ್ಕೆ, ವಾಕಿಂಗ್ ಮಾಡಿ ಮಾಡಿ ಇಳಿದಳು ಅಂದಿದ್ದಾರೆ. ಈಗ ಆ ಆಫೀಸಿನ ಹೆಂಗಸರೆಲ್ಲ ನನ್ನ ಹೆಸರು ಹೇಳಿಕೊಂಡು ಕೆರೆ ಏರಿಯ ಮೇಲೆ ನಡೆಯುತ್ತಿದ್ದಾರಂತೆ, ಪಾಪ. ನೀನು ಗೆಡ್ಡೆ, ಅವರು ವಾಕಿಂಗ್. ನಾನು ಮಾಡಿದ್ದನ್ನು ನಾನು ಮಾಡಿದೆ ಅನ್ನಲು ನನ್ನ ಮನೆಯವರಿಗೇ ಬಾಯಿಲ್ಲ. ನಾನೇನು ಕಳ್ಳತನ ಮಾಡಿ ಬಂದಿದ್ದೇನಾ?

ಹರಕೆಯನ್ನು ನಾನು ಹಾಸ್ಯ ಮಾಡುವುದಿಲ್ಲ. ನನ್ನನ್ನು ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋಗುವಾಗ ನೀನು ಸೆರಗಿನ ತುದಿಗೆ ಕಾಸು ಕಟ್ಟಿ ಕಣ್ಣು ಮುಚ್ಚಿಕೊಂಡದ್ದನ್ನು ನೋಡಿದ್ದೆ. ಅವತ್ತಿನ ನಿನ್ನ ಭಯ ನಿಜ, ಹರಕೆ ನಿಜ, ಗೆಡ್ಡೆ ಮಾತ್ರ ಸುಳ್ಳು. ಮಾರಮ್ಮನಿಗೂ ಗೆಡ್ಡೆ ಅಂತಲೇ ಹೇಳಿದೆಯಾ? ಇಲ್ಲ ತಾನೇ? ಅವಳ ಹತ್ತಿರ ನಿಜ ಹೇಳಲು ಆಗುವುದಾದರೆ ಚಿಕ್ಕಮ್ಮನ ಹತ್ತಿರ ಹೇಳಲು ಏನು ಕಷ್ಟ? ಚಿಕ್ಕಮ್ಮ ಮಾರಮ್ಮನಿಗಿಂತ ದೊಡ್ಡವಳಾದಳಾ?

ಅದೂ ಹೋಗಲಿ. ನನ್ನ ತಲೆಬಿಸಿ ಇರುವುದು ಬೇರೆ ಕಡೆ. ಮೊದಲ ಎಲೆಗೆ ನನ್ನನ್ನೇ ಕೂರಿಸುತ್ತೀಯಂತೆ, ಮಲ್ಲಿಗಮ್ಮ ಅದನ್ನೂ ಹೇಳಿದಳು. ಒಂದು ನಿಮಿಷ ಯೋಚನೆ ಮಾಡು. ಊರ ಕಣ್ಣಿಗೆ ನಾನು ಗೆಡ್ಡೆ ಹೋಗಿ ನೆಟ್ಟಗಾದವಳು. ನೆಟ್ಟಗಾದವಳು ಉಣ್ಣಬೇಕಲ್ಲ! ಒಬ್ಬಳು ಮುದ್ದೆ ಹಾಕುತ್ತಾಳೆ, ಒಬ್ಬ ಸಾರಿನ ಬಕೆಟ್ಟು ತರುತ್ತಾನೆ, ಚಿಕ್ಕಮ್ಮ "ಸೊರಗೋಗವ್ಳೆ, ಇನ್ನೆಲ್ಡ್ ತುಂಡ್ ಆಕ್ರುಲಾ" ಅಂತ ಹಿಂದಿನಿಂದ ಕೂಗುತ್ತಾಳೆ. ನಮ್ಮ ಕಡೆ ಎಲೆಯಲ್ಲಿ ಬಿಟ್ಟು ಏಳುವುದೆಂದರೆ ಹಾಕಿದವರ ಮುಖಕ್ಕೆ ಹೊಡೆದ ಹಾಗೆ. ಬೇಡ ಅನ್ನಲು ನನ್ನ ಹತ್ತಿರ ಕಾರಣವೇ ಇರುವುದಿಲ್ಲ, ಆ ಕಾರಣವನ್ನು ನೀನೇ ಗೆಡ್ಡೆಯ ಕೆಳಗೆ ಮುಚ್ಚಿಟ್ಟಿದ್ದೀಯ. ಗೌರಿ ಹಬ್ಬದ ದಿನ ಒಂದೇ ಒಂದು ಒಬ್ಬಟ್ಟನ್ನು ಬಲವಂತಕ್ಕೆ ತಿಂದು, ಕೊಟ್ಟಿಗೆ ಹಿಂದೆ ಕೂತು ಎಷ್ಟು ಹೊತ್ತು ವಾಂತಿ ಮಾಡಿದೆ ಅಂತ ನನ್ನ ಬೆನ್ನು ನೀವಿದ ನಿನಗೇ ಗೊತ್ತು. ಅವತ್ತು ನೀನು ನೀರು ಕೊಡುತ್ತಾ ಹೇಳಿದ್ದು, "ಯಾರ್ಗೂ ಏಳ್ಬ್ಯಾಡ ಮಗ" ಅಂತ. ನಿನ್ನ ಮಾನ ಉಳಿಸಲು ಇನ್ನೂ ಎಷ್ಟು ಸಲ ವಾಂತಿ ಮಾಡಲಿ?

ಮಾನ ಅಂದೆ, ಅದಕ್ಕೆ ಒಂದು ಮಾತು. ಮದ್ದೂರಿನ ಛತ್ರದಲ್ಲಿ ನಮ್ಮ ಸ್ವರೂಪನ ಮದುವೆಯ ದಿನ ನೀನು ಕೂತ ಪ್ಲಾಸ್ಟಿಕ್ ಕುರ್ಚಿ ಮುರಿದದ್ದು ನನಗೆ ಮರೆತಿಲ್ಲ. ಎತ್ತಲು ಬಂದವರೂ ನಗುತ್ತಲೇ ಬಂದರು. ನಿನ್ನ ಸೀರೆ ಸರಿಮಾಡುತ್ತಿದ್ದ ನನ್ನನ್ನೂ ಸೇರಿಸಿ ಚಿಕ್ಕಮ್ಮ, "ತಾಯಂಗೆ ಮಗ್ಳು, ನೂಲ್ನಂಗೆ ಸೀರೆ" ಅಂದಳು. ಸ್ವಂತ ಮಗನ ಮದುವೆಯಲ್ಲಿ ನೀನು ಆಮೇಲೆ ಕೂರಲೇ ಇಲ್ಲ. ಅಂದಿನಿಂದ ಯಾರ ಮದುವೆಗೆ ಹೋದರೂ ಕೆಲಸ ಐತೆ, ಕೆಲಸ ಐತೆ ಅಂತ ಅಡುಗೆ ಮನೆಯ ಬಾಗಿಲಲ್ಲಿ ನಿಂತೇ ಇರುತ್ತೀಯ, ಅಷ್ಟು ನೋಯುವ ಮಂಡಿ ಇಟ್ಟುಕೊಂಡು. ಅಂಥ ಜನರ ಕಣ್ಣಿಗೆ ಒಳ್ಳೆಯವಳಾಗಲು ಹೋಗಿ ಮಗಳನ್ನು ಸುಳ್ಳು ಮಾಡಿದೆಯಲ್ಲ ಅವ್ವ. ಅವರು ನಿನಗೇನು ಕೊಟ್ಟಿದ್ದಾರೆ?

ನಾನು ಬರುತ್ತೇನೆ. ಬರುವುದಿಲ್ಲ ಅಂತ ಬರೆಯಲೆಂದೇ ಪೆನ್ನು ಹಿಡಿದಿದ್ದೆ, ಆದರೆ ಓಡಿಹೋದರೆ ಗೆಡ್ಡೆ ಮತ್ತೆ ಬಂತಂತೆ ಅಂತ ಇನ್ನೊಂದು ಸುದ್ದಿ ಹುಟ್ಟುತ್ತದೆ. ಬಂದು ಮೊದಲ ಎಲೆಗೇ ಕೂರುತ್ತೇನೆ. ನಿಂಬೆಹಣ್ಣಿನಷ್ಟು ಮುದ್ದೆ, ಎರಡು ಮೆತ್ತನೆಯ ತುಂಡು, ಸ್ವಲ್ಪ ಸಾರು. ಅದರ ಮೇಲೆ ಒಂದು ಅಗುಳು ಬಿದ್ದರೂ ಕೈ ಎತ್ತುತ್ತೇನೆ. ಯಾಕೆ ಅಂತ ಕೇಳುತ್ತಾರೆ. ಆಗ ನೀನು ಹೇಳಬೇಕು, ನನ್ನ ಮಗಳು ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡಿದ್ದಾಳೆ, ಬದುಕಬೇಕು ಅಂತ ಮಾಡಿಸಿಕೊಂಡಳು ಅಂತ. ನಿನ್ನ ಬಾಯಿಂದಲೇ ಬರಲಿ ಅನ್ನುವುದು ನನ್ನ ಆಸೆ. ಬರದಿದ್ದರೆ ನಾನು ಹೇಳುತ್ತೇನೆ. ನನ್ನದು ಕಂಡಕ್ಟರ್ ಗಂಟಲು, ಹಿಂದಿನ ಸೀಟಿನವರೆಗೂ ಕೇಳುತ್ತದೆ.

ಅಪ್ಪನಿಗೆ ನಮಸ್ಕಾರ ಹೇಳು. ಚಿಕ್ಕಮ್ಮನಿಗೂ ಹೇಳು, ಏನು ಮಾಡುವುದು, ದೊಡ್ಡವಳು.

ಇನ್ನೂ ಸಿಟ್ಟಿನಲ್ಲಿರುವ ನಿನ್ನ ಮಗಳು,
ರಂಜಿತ

ಇನ್ನೊಂದು ಮಾತು: ನಿನ್ನೆ ಚೆಕಪ್ಪಿಗೆ ಮೈಸೂರಿಗೆ ಹೋಗಿದ್ದೆ. ಏನು ತಿನ್ನಬೇಕು, ಏನು ತಿನ್ನಬಾರದು ಅಂತ ಹೇಳಿಕೊಡುವ ಸಿಸ್ಟರ್ ಇದ್ದಾಳಲ್ಲ, ಅವಳು ಕೇಳಿದಳು, ನಿಮ್ಮ ತಾಯಿ ವಿಚಾರಿಸಿದ್ದ ಆ ಪಕ್ಕದ ಮನೆ ಹೆಂಗಸನ್ನು ಇನ್ನೂ ಕರೆದುಕೊಂಡು ಬರಲೇ ಇಲ್ಲವಲ್ಲ ಅಂತ. ಐವತ್ತಾರು ವರ್ಷವಂತೆ. ಸಕ್ಕರೆ ಕಾಯಿಲೆಯಂತೆ, ಎರಡೂ ಮಂಡಿ ಹೋಗಿದೆಯಂತೆ, ಬಸ್ಸಿನ ಮೆಟ್ಟಿಲು ಹತ್ತಲು ಆಗುವುದಿಲ್ಲವಂತೆ, ಕುರ್ಚಿ ಕಂಡರೆ ಹೆದರುತ್ತಾಳಂತೆ. ಆ ವಯಸ್ಸಿನವರಿಗೂ ಈ ಆಪರೇಷನ್ ಮಾಡುತ್ತೀರಾ ಅಂತ ನಾನು ಮಲಗಿದ್ದಾಗ ಹೋಗಿ ಎರಡೆರಡು ಸಲ ಕೇಳಿದೆಯಂತೆ. ಅವ್ವ, ನಮ್ಮ ಮನೆಯ ಒಂದು ಪಕ್ಕದಲ್ಲಿರುವುದು ಕರಿಯಯ್ಯ ದೊಡ್ಡಪ್ಪ ಒಬ್ಬರೇ. ಇನ್ನೊಂದು ಪಕ್ಕದಲ್ಲಿರುವುದು ಹಿಪ್ಪುನೇರಳೆ ತೋಟ.

ಇದನ್ನು ಮೇಲೆಯೇ ಬರೆಯಬೇಕಿತ್ತು. ಬರೆದಿದ್ದರೆ ನಿನ್ನ ಮೇಲೆ ಸಿಟ್ಟು ನಿಲ್ಲುತ್ತಿರಲಿಲ್ಲ, ಅದಕ್ಕೇ ಕೆಳಗಿಟ್ಟೆ. ಊಟದ ಮಾರನೆಯ ದಿನ ಸೋಮವಾರ ರಜೆ ಹಾಕಿದ್ದೇನೆ. ಆ ಹೆಂಗಸಿನ ಸಕ್ಕರೆ ರಿಪೋರ್ಟು ಚೀಲದಲ್ಲಿ ಇಟ್ಟುಕೊಂಡಿರು, ಬಸ್ಸಿನ ಮೆಟ್ಟಿಲ ಹತ್ತಿರ ನಾನೇ ಕೈ ಕೊಡುತ್ತೇನೆ. ಆಗುತ್ತದೋ ಇಲ್ಲವೋ ಡಾಕ್ಟರು ಹೇಳಲಿ, ಕೇಳುವುದಕ್ಕೆ ಏನು ನಾಚಿಕೆ? ಅದಕ್ಕೆ ಮೊದಲು ಭಾನುವಾರ ನಿಜ ಹೇಳಿಬಿಡು. ಒಂದೇ ಮನೆಯಲ್ಲಿ ತೆಂಗಿನಕಾಯಿ ಗಾತ್ರದ ಗೆಡ್ಡೆ ಎರಡೆರಡು ಅಂದರೆ ಮಲ್ಲಿಗಮ್ಮನೂ ನಂಬುವುದಿಲ್ಲ.